ಮೂರು ಚುಕ್ಕಿಯ ಫಂಕ್ಷನ್: ಪೈಥಾನ್ ಮತ್ತು ಸಿ ನಡುವೆ ಬೇಕಾದಷ್ಟು ಆರ್ಗ್ಯುಮೆಂಟ್ ದಾಟಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಅಂಗಡಿಗಳಿಗೆ ಸಾಫ್ಟ್‌ವೇರ್ ಬರೆಯುವವರು ಮತ್ತು ಕಾರವಾರ, ಕುಮಟಾದ ಕಾಲೇಜು ಮಕ್ಕಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹೆಚ್ಚಿನವರ ಪರಿಸ್ಥಿತಿ ಒಂದೇ ಥರ. ಯಾರೋ ಎಷ್ಟೋ ವರ್ಷದ ಹಿಂದೆ ಸಿಯಲ್ಲಿ ಬರೆದ ಲೈಬ್ರರಿ ಇರುತ್ತದೆ, ಚೆನ್ನಾಗೇ ಓಡುತ್ತಿರುತ್ತದೆ, ಅದನ್ನು ಮುಟ್ಟಲು ಯಾರಿಗೂ ಧೈರ್ಯ ಇಲ್ಲ, ಆದರೆ ಹೊಸ ಸ್ಕ್ರೀನ್ ಎಲ್ಲ ಪೈಥಾನ್‌ನಲ್ಲಿ ಬರಬೇಕು.

ಉದಾಹರಣೆಗೆ ಒಂದೇ ಫಂಕ್ಷನ್ ಹಿಡಿದುಕೊಳ್ಳೋಣ. ಹೆಸರು ಚೀಟಿ_ಬರೆ. ಮೊದಲು ಬೆಳೆಗಾರರ ಹೆಸರು, ಆಮೇಲೆ ಎಷ್ಟು ಸಾಲು ಅನ್ನುವ ಸಂಖ್ಯೆ, ಆಮೇಲೆ ಮೂರು ಚುಕ್ಕಿ. ಒಬ್ಬರು ಬರೀ ರಾಶಿ (ಅಡಿಕೆಯ ಒಂದು ಬಗೆ) ತಂದಿರುತ್ತಾರೆ. ಇನ್ನೊಬ್ಬರು ರಾಶಿ, ಬೆಟ್ಟೆ, ಕೆಂಪುಗೋಟು, ಜೊತೆಗೆ ಒಂದು ಚೀಲ ಕಾಳುಮೆಣಸು. ಪ್ರತಿ ಸಾಲಿಗೂ ಬಗೆ, ತೂಕ, ದರ ಮೂರೂ ಹೋಗಬೇಕು. ಹಾಗಾಗಿ ಎಷ್ಟು ಆರ್ಗ್ಯುಮೆಂಟ್ ಅಂತ ಮೊದಲೇ ಹೇಳಲು ಬರುವುದಿಲ್ಲ.

ಫಂಕ್ಷನ್ ಮತ್ತು ಟೈಪ್‌ಗಳ ಹೆಸರನ್ನು ನಾವು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಕೋಡ್ ಬರೆಯುವಾಗ ಮಾಮೂಲಿ ಸ್ಪೆಲ್ಲಿಂಗ್ ಹಾಕಿಕೊಳ್ಳಿ.

ಮೂರು ಚುಕ್ಕಿ ಅಂದ್ರೆ ಏನು? ಅದರಲ್ಲಿ ಅಂಥ ತೊಂದರೆ ಏನಿದೆ?

ಸಿಯಲ್ಲಿ ಫಂಕ್ಷನ್ ಡಿಕ್ಲೇರ್ ಮಾಡುವಾಗ ಕೊನೆಗೆ ಮೂರು ಚುಕ್ಕಿ ಇಟ್ಟರೆ, ಅಲ್ಲಿಂದ ಮುಂದೆ ಎಷ್ಟು ಆರ್ಗ್ಯುಮೆಂಟ್ ಬೇಕಾದರೂ ಕೊಡಬಹುದು. ಪ್ರಿಂಟ್‌ಎಫ್ ಎಲ್ಲರಿಗೂ ಗೊತ್ತಿರುವುದೇ. ಫಂಕ್ಷನ್ ಒಳಗೆ ವಿಎ_ಸ್ಟಾರ್ಟ್ ಅಂತ ಶುರು ಮಾಡಿ, ವಿಎ_ಆರ್ಗ್‌ನಿಂದ ಒಂದೊಂದೇ ತೆಗೆದು, ವಿಎ_ಎಂಡ್ ಅಂತ ಮುಗಿಸುತ್ತೇವೆ. 1989ರ ಆನ್ಸಿ ಸಿ ಬಂದಾಗಿನಿಂದ ಇದೇ ಕ್ರಮ. 1999ರಲ್ಲಿ ವಿಎ_ಕಾಪಿ ಸೇರಿತು.

ತೊಂದರೆ ಇಷ್ಟೇ. ಎಷ್ಟು ಬಂದಿದೆ, ಯಾವ ಟೈಪ್ ಬಂದಿದೆ ಅನ್ನುವ ಮಾಹಿತಿ ಆರ್ಗ್ಯುಮೆಂಟ್ ಜೊತೆ ಬರುವುದೇ ಇಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಚೀಟಿ ಕಟ್ಟದೆ ಚೀಲ ಇಳಿಸಿ ಹೋದ ಹಾಗೆ: ಒಳಗಿರುವುದು ರಾಶಿಯೋ ಚಾಲಿಯೋ, ಒಟ್ಟು ಎಷ್ಟು ಚೀಲವೋ, ಇಳಿಸಿಕೊಂಡವನಿಗೆ ಬೇರೆ ಯಾರಾದರೂ ಹೇಳಬೇಕು. ಪ್ರಿಂಟ್‌ಎಫ್‌ಗೆ ಅದನ್ನು ಹೇಳುವುದು ಫಾರ್ಮ್ಯಾಟ್ ಸ್ಟ್ರಿಂಗ್. ಬೇರೆ ಪ್ರೋಗ್ರಾಂ ಓಡಿಸುವ ಎಕ್ಸೆಕ್‌ಎಲ್‌ಗೆ ಹೇಳುವುದು ಕೊನೆಯಲ್ಲಿಡುವ ನಲ್ ಪಾಯಿಂಟರ್. ಓಪನ್ ಫಂಕ್ಷನ್ ಎರಡನೇ ಆರ್ಗ್ಯುಮೆಂಟಿನ ಫ್ಲ್ಯಾಗ್ ನೋಡಿ, ಹೊಸ ಫೈಲ್ ಮಾಡಬೇಕಿದ್ದರೆ ಮಾತ್ರ ಮೂರನೆಯದನ್ನು ಓದುತ್ತದೆ. ನಮ್ಮ ಚೀಟಿ_ಬರೆಗೆ ಹೇಳುವುದು ಆ ಸಾಲಿನ ಸಂಖ್ಯೆ. ಹೇಳಿದ್ದಕ್ಕೂ ಕೊಟ್ಟದ್ದಕ್ಕೂ ತಾಳೆ ಆಗದಿದ್ದರೆ ಸಿ ಎಚ್ಚರಿಸುವುದಿಲ್ಲ. ಅಲ್ಲಿ ಬಿದ್ದಿರುವ ಹಳೇ ಬೈಟ್‌ಗಳನ್ನೇ ಆರ್ಗ್ಯುಮೆಂಟ್ ಅಂತ ಓದಿಕೊಂಡು ಮುಂದೆ ಹೋಗುತ್ತದೆ.

ಬರೀ ಸಿಯೊಳಗೇ ಇದ್ದರೆ ಕಂಪೈಲರ್ ಸ್ವಲ್ಪ ಕಾಯುತ್ತದೆ. ಎರಡು ಭಾಷೆಗಳ ನಡುವೆ ಆ ಕಾವಲೂ ಇಲ್ಲ. ಪೈಥಾನ್‌ಗೆ ಸಿಯ ಹೆಡರ್ ಫೈಲ್ ಕಾಣುವುದಿಲ್ಲ, ಸಿಗೆ ಪೈಥಾನ್‌ನ ವಸ್ತುಗಳು ಅರ್ಥ ಆಗುವುದಿಲ್ಲ.

ಪೈಥಾನ್‌ನಲ್ಲೂ ನಕ್ಷತ್ರ ಹಾಕಿ ಆರ್ಗ್ಸ್ ಅಂತ ಬರೆಯುತ್ತೇವಲ್ಲ, ಎರಡೂ ಒಂದೇ ಅಲ್ವಾ?

ಅಲ್ಲ. ಹೊರಗಿನಿಂದ ನೋಡಲು ಮಾತ್ರ ಒಂದೇ. ಪೈಥಾನ್‌ನಲ್ಲಿ ಬಂದ ಆರ್ಗ್ಯುಮೆಂಟ್‌ಗಳೆಲ್ಲ ಒಂದು ಟಪಲ್ ಒಳಗೆ ಕೂರುತ್ತವೆ. ಆ ಟಪಲ್‌ಗೆ ತನ್ನ ಉದ್ದ ಗೊತ್ತು, ಒಳಗಿನ ಪ್ರತಿ ವಸ್ತುವಿಗೂ ತನ್ನ ಟೈಪ್ ಗೊತ್ತು. ಲುವಾ, ಜಾವಾಸ್ಕ್ರಿಪ್ಟ್‌ನಲ್ಲೂ ಹಾಗೆ. ಜಾವಾದಲ್ಲಿ ಮೂರು ಚುಕ್ಕಿ ಇಟ್ಟರೂ ಒಳಗೆ ಅದು ಒಂದು ಅರೇ ಮಾತ್ರ.

ಸಿಯಲ್ಲಿ ಮಾತ್ರ ಅದು ಪಟ್ಟಿಯೇ ಅಲ್ಲ. ರಿಜಿಸ್ಟರ್‌ಗಳಲ್ಲಿ (ಪ್ರೊಸೆಸರ್ ಒಳಗಿನ ಪುಟ್ಟ ಜಾಗಗಳು) ಮತ್ತು ಸ್ಟ್ಯಾಕ್‌ನಲ್ಲಿ (ಫಂಕ್ಷನ್ ಕರೆಗಳಿಗೆ ಮೀಸಲಾದ ಮೆಮೊರಿ) ಚದುರಿದ ಬೈಟ್‌ಗಳು, ಅಷ್ಟೇ. ಆದ್ದರಿಂದ ಪೈಥಾನ್‌ನ ಟಪಲ್ ಅನ್ನು ಸಿಯ ಮೂರು ಚುಕ್ಕಿಗೆ ನೇರ ಸುರಿಯುವ ಜಾದೂ ಯಾವುದೂ ಇಲ್ಲ. ಮಧ್ಯೆ ಯಾರಾದರೂ ಪ್ರತಿಯೊಂದಕ್ಕೂ ಟೈಪ್ ನಿಗದಿ ಮಾಡಲೇಬೇಕು.

ಹಾಗಾದ್ರೆ ಸರಿಯಾದ ದಾರಿ ಯಾವುದು? ಮೊದಲು ಅದನ್ನೇ ಹೇಳಿ.

ಮೂರು ಚುಕ್ಕಿಯನ್ನು ಗಡಿ ದಾಟಿಸಬೇಡಿ. ಸಿ ಕಡೆಯೇ ಒಂದು ಸಣ್ಣ ಫಂಕ್ಷನ್ ಬರೆಯಿರಿ. ಅದಕ್ಕೆ ಆರ್ಗ್ಯುಮೆಂಟ್ ಎಷ್ಟು ಅನ್ನುವುದು ಗಟ್ಟಿಯಾಗಿರಲಿ: ಒಂದು ಅರೇ, ಅದರ ಉದ್ದ. ಅಷ್ಟು ಸಾಕು.

ನಮ್ಮ ಚೀಟಿಗೆ ಹೀಗೆ ಮಾಡಬಹುದು. ಸಾಲು ಅಂತ ಒಂದು ಸ್ಟ್ರಕ್ಟ್. ಒಳಗೆ ಬಗೆಯ ಹೆಸರಿಗೆ ಕ್ಯಾರ್ ಪಾಯಿಂಟರ್, ತೂಕ ಗ್ರಾಂ ಲೆಕ್ಕದಲ್ಲಿ 64 ಬಿಟ್ ಪೂರ್ಣಾಂಕ, ದರ ಪೈಸೆ ಲೆಕ್ಕದಲ್ಲಿ ಇನ್ನೊಂದು 64 ಬಿಟ್ ಪೂರ್ಣಾಂಕ. ಚೀಟಿ_ಬರೆ_ಅರೇ ಅನ್ನುವ ಫಂಕ್ಷನ್‌ಗೆ ಬೆಳೆಗಾರರ ಹೆಸರು, ಸಾಲುಗಳ ಅರೇ, ಉದ್ದ, ಮೂರೇ ಆರ್ಗ್ಯುಮೆಂಟ್. ಪೈಥಾನ್‌ನಲ್ಲಿ ಸಿಟೈಪ್ಸ್‌ನ (ಪೈಥಾನ್‌ನಿಂದ ಸಿ ಫಂಕ್ಷನ್ ಕರೆಯುವ ಮಾಡ್ಯೂಲ್) ಸ್ಟ್ರಕ್ಚರ್ ಕ್ಲಾಸ್ ಬಳಸಿ ಅದೇ ಸಾಲನ್ನು ಬರೆದು, ಸ್ಟ್ರಕ್ಚರ್ ಗುಣಿಸು ಉದ್ದ ಅಂತ ಅರೇ ಟೈಪ್ ಮಾಡಿ, ತುಂಬಿಸಿ ಕಳಿಸಿದರೆ ಆಯಿತು. ಯಾವ ಪ್ರೊಸೆಸರ್ ಆದರೂ, ಯಾವ ಆಪರೇಟಿಂಗ್ ಸಿಸ್ಟಂ ಆದರೂ ಇದು ಒಂದೇ ಥರ ನಡೆಯುತ್ತದೆ.

ಸಾಲಿನಿಂದ ಸಾಲಿಗೆ ಟೈಪ್ ಬೇರೆ ಇದ್ದರೆ? ಆಗ ಪ್ರತಿ ವಸ್ತುವಿಗೂ ಒಂದು ಗುರುತಿನ ಸಂಖ್ಯೆ ಕೊಡಿ. ಸ್ಟ್ರಕ್ಟ್ ಒಳಗೆ ಮೊದಲು ಗುರುತು, ಆಮೇಲೆ ಒಂದು ಯೂನಿಯನ್. 1 ಅಂದರೆ ಪೂರ್ಣಾಂಕ, 2 ಅಂದರೆ ಡಬಲ್, 3 ಅಂದರೆ ಸ್ಟ್ರಿಂಗ್. ಬರೆಯಲು ಸ್ವಲ್ಪ ಬೇಜಾರು, ನಿಜ. ಆದರೆ ಆರು ತಿಂಗಳಾದ ಮೇಲೆ ಬೇರೆಯವರು ಓದಿದರೂ ಅರ್ಥ ಆಗುತ್ತದೆ.

ಲೈಬ್ರರಿಯ ಸೋರ್ಸ್ ನಿಮ್ಮ ಹತ್ತಿರ ಇಲ್ಲದಿದ್ದರೂ ಈ ದಾರಿ ಮುಚ್ಚಿಲ್ಲ. ಹೆಡರ್ ಫೈಲ್ ಇದ್ದರೆ ಸಾಕು. ನಿಮ್ಮದೇ ಸಣ್ಣ ಸಿ ಫೈಲ್ ಬರೆದು, ಅದರಿಂದ ಹಳೇ ಫಂಕ್ಷನ್ ಕರೆಸಿ, ಬೇರೆ ಲೈಬ್ರರಿಯಾಗಿ ಕಂಪೈಲ್ ಮಾಡಿ. ಹಳೇ ಚೀಟಿ_ಬರೆ ಮೂರು ಚುಕ್ಕಿಯದೇ ಆಗಿದ್ದರೆ, ಒಂದು ಸಾಲಿಗೆ, ಎರಡು ಸಾಲಿಗೆ, ಮೂರು ಸಾಲಿಗೆ ಅಂತ ಸ್ವಿಚ್ ಹಾಕಿ ಕರೆಯಬೇಕಾಗುತ್ತದೆ, ಯಾಕೆಂದರೆ ಸಿಯಲ್ಲಿ ಓಡುವಾಗ ಆರ್ಗ್ಯುಮೆಂಟ್ ಸಂಖ್ಯೆ ಹೆಚ್ಚು ಕಡಿಮೆ ಮಾಡಲು ಬರುವುದಿಲ್ಲ. ನೋಡಲು ಚೆಂದ ಇಲ್ಲ. ಆದರೆ ಟೈಪ್‌ಗಳನ್ನು ಸಿ ಕಂಪೈಲರ್ ತಾನೇ ನೋಡಿಕೊಳ್ಳುತ್ತದೆ, ಅದೇ ದೊಡ್ಡ ಲಾಭ. ಒಂದು ಚೀಟಿಯಲ್ಲಿ ಇಷ್ಟಕ್ಕಿಂತ ಜಾಸ್ತಿ ಸಾಲು ಬರುವುದಿಲ್ಲ ಅನ್ನುವ ಮಿತಿ ಅಂಗಡಿಯವರಿಗೆ ಹೇಗೂ ಗೊತ್ತಿರುತ್ತದೆ, ಕೇಳಿಕೊಳ್ಳಿ.

ಸಿ ಫೈಲ್ ಬರೆಯಲು ಆಗುವುದೇ ಇಲ್ಲ. ಸಿಟೈಪ್ಸ್‌ನಿಂದ ನೇರ ಕರೆದರೆ ಏನಾಗುತ್ತದೆ?

ಕರೆಯಬಹುದು. ಸಿಟೈಪ್ಸ್ 2006ರಿಂದ, ಅಂದರೆ ಪೈಥಾನ್ 2.5ರಿಂದ, ಪೈಥಾನ್ ಜೊತೆಯೇ ಬರುತ್ತದೆ. ಆದರೆ ಅದು ಸುಮ್ನೆ ಏನೇನು ಊಹಿಸುತ್ತದೆ ಅಂತ ಗೊತ್ತಿರಲೇಬೇಕು. ಪೂರ್ಣಾಂಕ ಕೊಟ್ಟರೆ ಸಿಯ ಇಂಟ್ ಅಂದುಕೊಳ್ಳುತ್ತದೆ. ಬೈಟ್ಸ್ ಕೊಟ್ಟರೆ ಕ್ಯಾರ್ ಪಾಯಿಂಟರ್. ಪೈಥಾನ್‌ನ ಸ್ಟ್ರಿಂಗ್ ಕೊಟ್ಟರೆ ವೈಡ್ ಕ್ಯಾರೆಕ್ಟರ್ ಪಾಯಿಂಟರ್. ಪೈಥಾನ್‌ನಲ್ಲಿ ಏನೂ ಇಲ್ಲ ಅನ್ನಲು ಬಳಸುವ ನನ್ ಕೊಟ್ಟರೆ ನಲ್ ಪಾಯಿಂಟರ್. ದಶಮಾಂಶ ಸಂಖ್ಯೆ ಕೊಟ್ಟರೆ ಇದನ್ನು ಹೇಗೆ ಬದಲಿಸಬೇಕೋ ಗೊತ್ತಿಲ್ಲ ಅಂತ ಎರರ್ ಕೊಡುತ್ತದೆ. ಈ ಕೊನೆಯದು ಒಳ್ಳೆಯದೇ, ನಿಂತಲ್ಲೇ ಗೊತ್ತಾಗುತ್ತದೆ. ಉಳಿದವು ಸದ್ದಿಲ್ಲದೆ ತಪ್ಪುತ್ತವೆ.

ಪೂರ್ಣಾಂಕದ್ದನ್ನೇ ಹತ್ತಿರದಿಂದ ನೋಡಿ. ಒಂದು ಅಂಗಡಿಯ ಸೀಸನ್ನಿನ ವಹಿವಾಟು 5 ಕೋಟಿ ರೂಪಾಯಿ ಅಂತ ಇಟ್ಟುಕೊಳ್ಳಿ. ಪೈಸೆ ಲೆಕ್ಕದಲ್ಲಿ ಅದು 500 ಕೋಟಿ. ಸಿಯ 32 ಬಿಟ್ ಇಂಟ್‌ನಲ್ಲಿ ಹಿಡಿಯುವುದು ಹೆಚ್ಚೆಂದರೆ 2147483647, ಅಂದರೆ 2 ಕೋಟಿ 14 ಲಕ್ಷ ರೂಪಾಯಿ ಚಿಲ್ಲರೆ. 64 ಬಿಟ್ ಲಿನಕ್ಸ್‌ನಲ್ಲಿ ಸಿಟೈಪ್ಸ್ ಮೇಲಿನ ಬಿಟ್‌ಗಳನ್ನು ಕತ್ತರಿಸಿ 705032704 ಅಂತ ಕಳಿಸುತ್ತದೆ. ಪರದೆ ಮೇಲೆ ಬರುವುದು 70,50,327 ರೂಪಾಯಿ 4 ಪೈಸೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ನೋಡಲು ನಿಜವಾದ ಮೊತ್ತದ ಹಾಗೇ ಇದೆ, ಅಲ್ವಾ? ಅದಕ್ಕೇ ಇದು ಅಪಾಯ. ಸಣ್ಣ ಮೊತ್ತ ಹಾಕಿ ಟೆಸ್ಟ್ ಮಾಡಿದಾಗ ಎಲ್ಲ ಸರಿ ಇರುತ್ತದೆ, ಸೀಸನ್ ಮುಗಿಯುವ ಹೊತ್ತಿಗೆ ಲೆಕ್ಕ ಕೈ ಕೊಡುತ್ತದೆ.

ಪರಿಹಾರ ಕಷ್ಟ ಏನಲ್ಲ. ಚುಕ್ಕಿಯ ಜಾಗಕ್ಕೆ ಹೋಗುವ ಪ್ರತಿಯೊಂದನ್ನೂ ನೀವೇ ಸುತ್ತಿ ಕೊಡಿ. ಇಂಟ್ ಬೇಕಾದಲ್ಲಿ ಸಿ_ಇಂಟ್, 64 ಬಿಟ್ ಬೇಕಾದಲ್ಲಿ ಸಿ_ಲಾಂಗ್‌ಲಾಂಗ್, ದಶಮಾಂಶಕ್ಕೆ ಸಿ_ಡಬಲ್, ಸ್ಟ್ರಿಂಗ್ ಇದ್ದರೆ ಯುಟಿಎಫ್-8ಗೆ ಎನ್‌ಕೋಡ್ ಮಾಡಿದ ಬೈಟ್ಸ್. ಜೊತೆಗೆ ಚುಕ್ಕಿಗಿಂತ ಮುಂಚಿನ ಆರ್ಗ್ಯುಮೆಂಟ್‌ಗಳ ಟೈಪನ್ನು ಆ ಫಂಕ್ಷನ್‌ನ ಆರ್ಗ್‌ಟೈಪ್ಸ್ ಅನ್ನುವ ಪಟ್ಟಿಯಲ್ಲಿ ಬರೆದಿಡಿ. ಅದು ಯಾಕೆ ಅಷ್ಟು ಮುಖ್ಯ ಅನ್ನುವುದು ಕೆಳಗೆ ಬರುತ್ತದೆ.

ಸಿಟೈಪ್ಸ್ ಬದಲು ಸಿಎಫ್‌ಎಫ್‌ಐ (ಸಿ ಕರೆಯಲು ಇರುವ ಇನ್ನೊಂದು ಪೈಥಾನ್ ಲೈಬ್ರರಿ) ಬಳಸುವವರಿಗೆ ಇದು ಇನ್ನೂ ಸ್ಪಷ್ಟ. ಡಿಕ್ಲರೇಷನ್‌ನಲ್ಲೇ ಮೂರು ಚುಕ್ಕಿ ಬರೆಯಬಹುದು, ಮತ್ತು ಚುಕ್ಕಿಯ ಜಾಗಕ್ಕೆ ಸಿ ಟೈಪ್‌ಗೆ ಕಾಸ್ಟ್ ಮಾಡಿದ್ದನ್ನೇ ಕೊಡಬೇಕು ಅಂತ ಅದು ಹಟ ಹಿಡಿಯುತ್ತದೆ. ನನಗೆ ಈ ಹಟ ಇಷ್ಟ.

ಫ್ಲೋಟ್ ಬೇಕಾದಲ್ಲಿ ಸಿ_ಫ್ಲೋಟ್ ಕೊಟ್ಟೆ, ಆದರೂ ಕಸ ಬರುತ್ತಿದೆ. ಯಾಕೆ?

ಸಿಯ ನಿಯಮದ ಪ್ರಕಾರ ಚುಕ್ಕಿಯ ಜಾಗದಲ್ಲಿ ಫ್ಲೋಟ್ ದಾಟುವುದೇ ಇಲ್ಲ, ಡಬಲ್ ಆಗಿ ಬದಲಾಗುತ್ತದೆ. ಕ್ಯಾರ್ ಮತ್ತು ಶಾರ್ಟ್ ಕೂಡ ಇಂಟ್ ಆಗುತ್ತವೆ. ಸಿ ಕಂಪೈಲರ್ ಈ ಬದಲಾವಣೆಯನ್ನು ತಾನೇ ಮಾಡುತ್ತದೆ, ಆದ್ದರಿಂದ ಸಿ ಬರೆಯುವವರಿಗೆ ಇದು ಗಮನಕ್ಕೇ ಬಂದಿರುವುದಿಲ್ಲ. ಸಿಟೈಪ್ಸ್ ನಿಮ್ಮ ಪರವಾಗಿ ಮಾಡುವುದಿಲ್ಲ. ಪ್ರಿಂಟ್‌ಎಫ್ ಎಂಟು ಬೈಟ್ ಓದಲು ಹೋಗುತ್ತದೆ, ನೀವು ಕೊಟ್ಟದ್ದು ನಾಲ್ಕು. ಯಾವಾಗಲೂ ಸಿ_ಡಬಲ್ ಕೊಡಿ. ರಸ್ಟ್ ಭಾಷೆ ಈ ವಿಷಯದಲ್ಲಿ ಚೆನ್ನಾಗಿದೆ: ಚುಕ್ಕಿಯ ಜಾಗಕ್ಕೆ 32 ಬಿಟ್ ಫ್ಲೋಟ್ ಕೊಟ್ಟರೆ ಕಂಪೈಲ್ ಆಗಲು ಬಿಡುವುದೇ ಇಲ್ಲ, ಡಬಲ್ ಮಾಡಿ ಕೊಡಿ ಅನ್ನುತ್ತದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಸರಿ ಬರುತ್ತದೆ, ಸ್ನೇಹಿತನ ಮ್ಯಾಕ್‌ಬುಕ್‌ನಲ್ಲಿ ಬರೀ ಕಸ. ಕೋಡ್ ಒಂದೇ!

ಕೋಡ್ ಒಂದೇ, ಆದರೆ ಆರ್ಗ್ಯುಮೆಂಟ್ ಇಡುವ ಜಾಗ ಒಂದೇ ಅಲ್ಲ. ಇದು ಈ ವಿಷಯದ ಅತಿ ಮುಖ್ಯ ಭಾಗ, ಸ್ವಲ್ಪ ನಿಧಾನಕ್ಕೆ ಓದಿ.

ಇಂಟೆಲ್, ಎಎಂಡಿ 64 ಬಿಟ್ ಪ್ರೊಸೆಸರ್ ಮೇಲೆ ಲಿನಕ್ಸ್ ಇದ್ದರೆ, ಮೊದಲ ಆರು ಪೂರ್ಣಾಂಕ ಅಥವಾ ಪಾಯಿಂಟರ್‌ಗಳು ಆರು ರಿಜಿಸ್ಟರ್‌ಗಳಲ್ಲಿ ಹೋಗುತ್ತವೆ. ಮೊದಲ ಎಂಟು ದಶಮಾಂಶ ಸಂಖ್ಯೆಗಳು ಬೇರೆ ಎಂಟು ರಿಜಿಸ್ಟರ್‌ಗಳಲ್ಲಿ. ಉಳಿದದ್ದು ಸ್ಟ್ಯಾಕ್‌ಗೆ. ಮೂರು ಚುಕ್ಕಿಯ ಫಂಕ್ಷನ್ ಆದರೂ ಜಾಗ ಅದೇ. ಒಂದೇ ವ್ಯತ್ಯಾಸ ಅಂದರೆ, ಎಷ್ಟು ದಶಮಾಂಶ ರಿಜಿಸ್ಟರ್ ಬಳಸಿದ್ದೇವೆ ಅನ್ನುವುದನ್ನು ಎಎಲ್ ಅನ್ನುವ ಪುಟ್ಟ ರಿಜಿಸ್ಟರ್‌ನಲ್ಲಿ ಹೇಳಬೇಕು. ಪ್ರಿಂಟ್‌ಎಫ್‌ನಲ್ಲಿ ಪರ್ಸೆಂಟ್ ಡಿ (ಪೂರ್ಣಾಂಕದ ಗುರುತು) ಬರೆದು ಡಬಲ್ ಕೊಟ್ಟರೆ ಯಾಕೆ ಸಂಬಂಧವೇ ಇಲ್ಲದ ಸಂಖ್ಯೆ ಬರುತ್ತದೆ ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ: ನೀವು ಇಟ್ಟದ್ದು ಒಂದು ಕಡೆ, ಅದು ಓದುವುದು ಇನ್ನೊಂದು ಕಡೆ.

ವಿಂಡೋಸ್‌ನಲ್ಲಿ ರಿಜಿಸ್ಟರ್‌ನಲ್ಲಿ ಹೋಗುವುದು ಮೊದಲ ನಾಲ್ಕೇ. ಚುಕ್ಕಿಯ ಫಂಕ್ಷನ್ ಆದರೆ ಆ ನಾಲ್ಕರೊಳಗಿನ ದಶಮಾಂಶ ಸಂಖ್ಯೆಯನ್ನು ಎರಡೂ ಬಗೆಯ ರಿಜಿಸ್ಟರ್‌ನಲ್ಲಿ ಇಡಬೇಕು.

ಆಪಲ್ ತನ್ನ ಎಆರ್‌ಎಂ 64 ಪ್ರೊಸೆಸರ್‌ಗಳಿಗೆ ಬೇರೆಯೇ ನಿಯಮ ಮಾಡಿದೆ. ಚುಕ್ಕಿಗಿಂತ ಮುಂಚಿನವು ರಿಜಿಸ್ಟರ್‌ಗೆ, ಚುಕ್ಕಿಯವು ಎಲ್ಲವೂ ಸ್ಟ್ಯಾಕ್‌ಗೆ. 2020ರ ಕೊನೆಯಲ್ಲಿ ಎಂ1 ಮ್ಯಾಕ್‌ಗಳು ಬಂದ ಮೇಲೆ, ಅಲ್ಲಿಯವರೆಗೆ ಹೇಗೋ ನಡೆದಿದ್ದ ಕೋಡ್ ಕೈ ಕೊಟ್ಟಿದ್ದು ಇದಕ್ಕೇ. ಚುಕ್ಕಿ ಎಲ್ಲಿಂದ ಶುರು ಅನ್ನುವುದು ಕರೆಯುವವರಿಗೆ ಗೊತ್ತಿಲ್ಲದಿದ್ದರೆ ಎಲ್ಲವನ್ನೂ ರಿಜಿಸ್ಟರ್‌ಗೆ ಹಾಕುತ್ತಾರೆ, ಫಂಕ್ಷನ್ ಸ್ಟ್ಯಾಕ್ ನೋಡುತ್ತದೆ, ಅಲ್ಲಿ ಇರುವುದು ಯಾವುದೋ ಹಳೇ ಸರಕು. ಸಿಟೈಪ್ಸ್‌ಗೆ ಅದನ್ನು ತಿಳಿಸುವ ದಾರಿಯೇ ಆರ್ಗ್‌ಟೈಪ್ಸ್. ಪ್ರಿಂಟ್‌ಎಫ್ ಆದರೆ ಆರ್ಗ್‌ಟೈಪ್ಸ್‌ನಲ್ಲಿ ಒಂದೇ ಒಂದು ಕ್ಯಾರ್ ಪಾಯಿಂಟರ್ ಬರೆಯಿರಿ. ಅದಕ್ಕಿಂತ ಜಾಸ್ತಿ ಕೊಟ್ಟದ್ದು ಚುಕ್ಕಿಯದು ಅಂತ ಅದು ತಿಳಿದುಕೊಳ್ಳುತ್ತದೆ. ನಿಮ್ಮ ಹತ್ತಿರ ಮ್ಯಾಕ್ ಇಲ್ಲದಿದ್ದರೂ ಈ ಒಂದು ಸಾಲು ಬಿಡಬೇಡಿ.

ತೂಕದ ಯಂತ್ರಕ್ಕೆ ರಾಸ್ಪ್‌ಬೆರಿ ಪೈ ಜೋಡಿಸಿದ್ದೇವೆ. ಅದೂ ಎಆರ್‌ಎಂ, ಅಲ್ಲೂ ಇದೇ ಕಥೆಯಾ?

64 ಬಿಟ್ ಲಿನಕ್ಸ್ ಹಾಕಿದ್ದರೆ ಅಷ್ಟು ಚಿಂತೆ ಬೇಡ. ಅಲ್ಲಿ ಚುಕ್ಕಿಯವಕ್ಕೂ ರಿಜಿಸ್ಟರ್ ನಿಯಮ ಅದೇ. 32 ಬಿಟ್ ಆದರೆ ಎಚ್ಚರ. ಮಾಮೂಲಿ ಫಂಕ್ಷನ್‌ಗೆ ಡಬಲ್ ದಶಮಾಂಶ ರಿಜಿಸ್ಟರ್‌ನಲ್ಲಿ ಹೋಗುತ್ತದೆ, ಚುಕ್ಕಿಯ ಫಂಕ್ಷನ್‌ಗೆ ಮಾತ್ರ ಪೂರ್ಣಾಂಕದ ರಿಜಿಸ್ಟರ್‌ನಲ್ಲಿ. ಅಂದರೆ ಸಾಲಿನ ಸಂಖ್ಯೆ ಸರಿ ಬರುತ್ತದೆ, ತೂಕ ಮಾತ್ರ ತಪ್ಪು ಬರುತ್ತದೆ. ಯಂತ್ರ ಕೆಟ್ಟಿದೆ ಅಂತ ತಕ್ಕಡಿ ರಿಪೇರಿಯವರನ್ನು ಕರೆಸುವ ಮೊದಲು ಇದನ್ನು ನೋಡಿ.

ಲಿಬ್‌ಎಫ್‌ಎಫ್‌ಐ ಅಂತ ಎಲ್ಲ ಕಡೆ ಹೆಸರು ಕೇಳುತ್ತದೆ. ಅದು ಏನು?

ಆರ್ಗ್ಯುಮೆಂಟ್‌ಗಳ ಸಂಖ್ಯೆ ಮತ್ತು ಟೈಪ್ ಓಡುವಾಗ ಮಾತ್ರ ಗೊತ್ತಾಗುವ ಸಂದರ್ಭದಲ್ಲಿ, ಆಯಾ ಪ್ರೊಸೆಸರ್ ನಿಯಮದಂತೆ ಅವನ್ನು ಜೋಡಿಸಿ ಫಂಕ್ಷನ್ ಕರೆದು ಕೊಡುವ ಸಿ ಲೈಬ್ರರಿ. ಆಂಥೋನಿ ಗ್ರೀನ್ ಅವರು 1996ರಲ್ಲಿ ಶುರು ಮಾಡಿದ್ದು. ಸಿಟೈಪ್ಸ್, ಸಿಎಫ್‌ಎಫ್‌ಐ ಎರಡರ ಕೆಳಗೂ ಇರುವುದು ಅದೇ. ಅದರಲ್ಲಿ ತಯಾರಿಯ ಫಂಕ್ಷನ್ ಎರಡಿವೆ: ಮಾಮೂಲಿ ಫಂಕ್ಷನ್‌ಗಳಿಗೆ ಎಫ್‌ಎಫ್‌ಐ_ಪ್ರೆಪ್_ಸಿಫ್, ಚುಕ್ಕಿಯವಕ್ಕೆ ಎಫ್‌ಎಫ್‌ಐ_ಪ್ರೆಪ್_ಸಿಫ್_ವಾರ್. ಎರಡನೆಯದಕ್ಕೆ ಗಟ್ಟಿ ಆರ್ಗ್ಯುಮೆಂಟ್ ಎಷ್ಟು, ಒಟ್ಟು ಎಷ್ಟು ಅಂತ ಎರಡೂ ಸಂಖ್ಯೆ ಹೇಳಬೇಕು. ಮೊದಲನೆಯದನ್ನೇ ಬಳಸಿ ಚುಕ್ಕಿಯ ಫಂಕ್ಷನ್ ಕರೆದರೆ ಇಂಟೆಲ್ ಲಿನಕ್ಸ್‌ನಲ್ಲಿ ನಡೆದುಬಿಡುತ್ತದೆ. ಹಾಗೆ ನಡೆಯುವುದರಿಂದಲೇ ತುಂಬ ಜನ ಅದನ್ನು ಸರಿ ಅಂದುಕೊಂಡಿದ್ದಾರೆ.

ಕನ್ನಡದ ಹೆಸರು ಕಳಿಸಿದರೆ ಪ್ರಿಂಟರ್‌ನಿಂದ ಖಾಲಿ ಹಾಳೆ ಬರುತ್ತದೆ. ಇದೇನು ವಿಚಿತ್ರ?

ವಿಚಿತ್ರ ಅಲ್ಲ, ಲೆಕ್ಕ ಹಾಕಿದರೆ ಸರಿಯಾಗಿ ತಾಳೆಯಾಗುತ್ತದೆ. ಪೈಥಾನ್ ಸ್ಟ್ರಿಂಗನ್ನು ಎನ್‌ಕೋಡ್ ಮಾಡದೆ ಹಾಗೇ ಕೊಟ್ಟಿದ್ದೀರಿ. ಸಿಟೈಪ್ಸ್ ಅದನ್ನು ವೈಡ್ ಕ್ಯಾರೆಕ್ಟರ್ ಆಗಿ ಕಳಿಸಿದೆ, ಲಿನಕ್ಸ್‌ನಲ್ಲಿ ಒಂದಕ್ಕೆ ನಾಲ್ಕು ಬೈಟ್. ಯೂನಿಕೋಡ್‌ನಲ್ಲಿ ಕನ್ನಡ ಇರುವುದು 3200ರಿಂದ 3327ರವರೆಗೆ. ರ ಅಕ್ಷರದ ಸಂಖ್ಯೆ 3248. ಬೈಟ್‌ಗಳಾಗಿ ಒಡೆದರೆ 176, 12, 0, 0. ಪ್ರಿಂಟ್‌ಎಫ್‌ನ ಪರ್ಸೆಂಟ್ ಎಸ್ (ಸ್ಟ್ರಿಂಗ್‌ನ ಗುರುತು) ಸೊನ್ನೆ ಕಂಡಲ್ಲಿ ನಿಲ್ಲುತ್ತದೆ, ಹಾಗಾಗಿ ಹೋಗುವುದು 176 ಮತ್ತು 12 ಮಾತ್ರ. ಈ 12 ಅಂದರೆ ಆಸ್ಕಿಯಲ್ಲಿ ಫಾರ್ಮ್ ಫೀಡ್, ಅಂದರೆ ಹಾಳೆಯನ್ನು ಹೊರಗೆ ತಳ್ಳು ಅಂತ. ಕನ್ನಡದ ಯಾವ ಅಕ್ಷರ ತೆಗೆದುಕೊಂಡರೂ ಎರಡನೇ ಬೈಟ್ 12 ಆಗಿಯೇ ಇರುತ್ತದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗೆ ಬೈಟ್ ನೇರ ಹೋಗುತ್ತಿದ್ದರೆ ಅದು ಹೇಳಿದ್ದನ್ನು ಮಾಡಿದೆ ಅಷ್ಟೇ.

ಯುಟಿಎಫ್-8ಗೆ ಎನ್‌ಕೋಡ್ ಮಾಡಿ ಕೊಟ್ಟರೆ ಇದು ನಿಲ್ಲುತ್ತದೆ.

ಎನ್‌ಕೋಡ್ ಮಾಡಿದೆ. ಈಗ ಹೆಸರು ಬರುತ್ತಿದೆ, ಆದರೆ ಕಾಲಂ ಸೊಟ್ಟ.

ಪ್ರಿಂಟ್‌ಎಫ್‌ನಲ್ಲಿ ಅಗಲ ಅಂತ ಕೊಡುವುದು ಬೈಟ್ ಲೆಕ್ಕ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್, ಗುಣಿತದ ಗುರುತಿಗೂ ಮೂರು. ರಾಶಿ ಅಂದರೆ ನಾಲ್ಕು ಚಿಹ್ನೆ, 12 ಬೈಟ್. ಬೆಟ್ಟೆ 18 ಬೈಟ್. ಕೆಂಪುಗೋಟು 27. ಅಗಲ 20 ಅಂತ ಕೊಟ್ಟರೆ ರಾಶಿಯ ಮುಂದೆ ಎಂಟು ಖಾಲಿ ಜಾಗ, ಬೆಟ್ಟೆಯ ಮುಂದೆ ಎರಡು, ಕೆಂಪುಗೋಟಿನ ಮುಂದೆ ಒಂದೂ ಇಲ್ಲ. ಹೆಚ್ಚಾದದ್ದನ್ನು ಕತ್ತರಿಸೋಣ ಅಂತ ಫಾರ್ಮ್ಯಾಟ್‌ನಲ್ಲಿ .10 ಅಂತ ಹಾಕಿದರೆ ಮೂರು ಚಿಹ್ನೆ ಆಗಿ ನಾಲ್ಕನೆಯದರ ಒಂದು ಬೈಟ್ ಮಾತ್ರ ಉಳಿದು, ಕೊನೆಗೆ ಒಂದು ಪ್ರಶ್ನೆ ಚಿಹ್ನೆಯೋ ಚೌಕವೋ ಕಾಣುತ್ತದೆ.

ನನ್ನ ಸಲಹೆ: ಸಂಖ್ಯೆಗಳ ಕಾಲಂಗಳನ್ನು ಮೊದಲು ಇಟ್ಟು, ಕನ್ನಡದ ಹೆಸರನ್ನು ಸಾಲಿನ ಕೊನೆಗೆ ಹಾಕಿ. ಅಥವಾ ಚೀಟಿಯ ಅಲಂಕಾರವನ್ನು ಪೂರ್ತಿ ಪೈಥಾನ್ ಕಡೆಗೆ ತಂದು ಪಿಡಿಎಫ್ ಮಾಡಿ. ಸಿಯ ಪ್ರಿಂಟ್‌ಎಫ್‌ನಿಂದ ಕನ್ನಡದ ಕಾಲಂ ನೇರ ಮಾಡುವ ಹಟಕ್ಕೆ ಬೀಳಬೇಡಿ.

ಬೆಳೆಗಾರರ ಹೆಸರನ್ನೇ, ಷರಾವನ್ನೇ ಫಾರ್ಮ್ಯಾಟ್ ಸ್ಟ್ರಿಂಗ್ ಆಗಿ ಕೊಟ್ಟರೆ ಏನಾಗುತ್ತದೆ?

ಬೇಡ. ಷರಾದಲ್ಲಿ ಯಾರಾದರೂ 2% ಕಡಿತ ಅಂತ ಬರೆದರೆ ಸಾಕು, ಪ್ರಿಂಟ್‌ಎಫ್ ಆ ಪರ್ಸೆಂಟ್ ಚಿಹ್ನೆಯನ್ನು ತನಗೆ ಕೊಟ್ಟ ಆದೇಶ ಅಂದುಕೊಳ್ಳುತ್ತದೆ. ಮುಂದೆ ಏನಾಗುತ್ತದೆ ಅನ್ನುವುದಕ್ಕೆ ಗ್ಯಾರಂಟಿ ಇಲ್ಲ. ಪರ್ಸೆಂಟ್ ಎನ್ ಅನ್ನುವುದಂತೂ ಮೆಮೊರಿಗೆ ಬರೆಯುತ್ತದೆ, ದುರುದ್ದೇಶ ಇರುವವರು ಅದನ್ನೇ ಹುಡುಕುತ್ತಾರೆ. ಫಾರ್ಮ್ಯಾಟ್ ಯಾವಾಗಲೂ ನಿಮ್ಮ ಕೋಡ್‌ನಲ್ಲಿ ಬರೆದ ಗಟ್ಟಿ ಸ್ಟ್ರಿಂಗ್ ಆಗಿರಲಿ, ಬೇರೆಯವರು ಟೈಪ್ ಮಾಡಿದ್ದು ಪರ್ಸೆಂಟ್ ಎಸ್ ಮೂಲಕ ಮಾತ್ರ ಹೋಗಲಿ.

ಸಿಯ ಔಟ್‌ಪುಟ್ ತಡವಾಗಿ ಬರುತ್ತದೆ, ಪೈಥಾನ್‌ನದು ಮೊದಲೇ ಬಂದುಬಿಡುತ್ತದೆ.

ಎರಡಕ್ಕೂ ಬೇರೆ ಬೇರೆ ಬಫರ್ ಇದೆ. ಫೈಲ್‌ಗೆ ಬರೆಯುವಾಗ ಸಿ ತನ್ನ ಬಫರ್ ತುಂಬುವವರೆಗೆ ಕಾಯುತ್ತದೆ. ಪ್ರತಿ ಚೀಟಿ ಮುಗಿದ ಮೇಲೆ ಎಫ್‌ಫ್ಲಶ್ ಕರೆಯಿರಿ. ಮಳೆಗಾಲದಲ್ಲಿ ಶಿರಸಿ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ. ಚೀಟಿಯ ದಾಖಲೆ ಬಫರ್‌ನಲ್ಲೇ ಇದ್ದಾಗ ಮೆಷಿನ್ ಆಫ್ ಆದರೆ ಅದು ಹೋದಂತೆಯೇ. ಪಕ್ಕಾ ಡಿಸ್ಕ್ ಸೇರಲೇಬೇಕು ಅಂದರೆ ಎಫ್‌ಸಿಂಕ್ ಕೂಡ ಬೇಕು.

ಕೊನೆಯಲ್ಲಿ ನಲ್ ಇಡುವ ಫಂಕ್ಷನ್‌ಗೆ ಸೊನ್ನೆ ಕೊಟ್ಟರೆ ಸಾಕಲ್ವಾ?

ಸಾಲದು. ಸೊನ್ನೆ 32 ಬಿಟ್ ಇಂಟ್, ನಲ್ 64 ಬಿಟ್ ಪಾಯಿಂಟರ್. ಸ್ಟ್ಯಾಕ್‌ನಲ್ಲಿ ಮೇಲಿನ 32 ಬಿಟ್‌ನಲ್ಲಿ ಕಸ ಉಳಿದಿದ್ದರೆ ಫಂಕ್ಷನ್ ನಿಲ್ಲದೆ ಮುಂದೆ ಓದುತ್ತಲೇ ಹೋಗಬಹುದು. ಪೈಥಾನ್‌ನಿಂದ ನನ್ ಕೊಡಿ. ಸಿಯಲ್ಲೂ ನಲ್ ಅನ್ನು ಕ್ಯಾರ್ ಪಾಯಿಂಟರ್‌ಗೆ ಕಾಸ್ಟ್ ಮಾಡಿಯೇ ಕೊಡುವುದು ಒಳ್ಳೆಯ ಅಭ್ಯಾಸ.

ನೆಟ್‌ವರ್ಕ್ ಮೇಲೆ ಡೇಟಾ ಕಳಿಸುವ, ತರಿಸುವ ಕರ್ಲ್ ಲೈಬ್ರರಿಯ ಸೆಟ್‌ಆಪ್ಟ್ (ಆಪ್ಷನ್ ಇಡುವ ಫಂಕ್ಷನ್) ಕೂಡ ಮೂರು ಚುಕ್ಕಿಯದೇ ಅಂತೆ. ನೋಡಿದರೆ ಯಾವಾಗಲೂ ಮೂರೇ ಆರ್ಗ್ಯುಮೆಂಟ್ ಇರುತ್ತದೆ?

ಹೌದು, ಅಲ್ಲಿ ಸಂಖ್ಯೆ ಬದಲಾಗುವುದಿಲ್ಲ, ಮೂರನೆಯದರ ಟೈಪ್ ಬದಲಾಗುತ್ತದೆ. ಕರ್ಲ್ ಮಾಡಿದವರು ಇದನ್ನು ತುಂಬ ಯೋಚಿಸಿ ಮಾಡಿದ್ದಾರೆ. ಆಪ್ಷನ್‌ನ ಸಂಖ್ಯೆಯಲ್ಲೇ ಟೈಪ್ ಅಡಗಿದೆ: 10000ಕ್ಕಿಂತ ಕೆಳಗಿದ್ದರೆ ಲಾಂಗ್, 10000ದಿಂದ ಪಾಯಿಂಟರ್, 20000ದಿಂದ ಫಂಕ್ಷನ್ ಪಾಯಿಂಟರ್, 30000ದಿಂದ 64 ಬಿಟ್ ಅಳತೆ. ಲಾಂಗ್ ಅನ್ನುವಲ್ಲಿ ಇಂಟ್ ಕೊಡಬಾರದು, ಸಿಟೈಪ್ಸ್‌ನಿಂದ ಆದರೆ ಸಿ_ಲಾಂಗ್ ಅಂತ ಸುತ್ತಿ ಕೊಡಿ. ನಿಮ್ಮ ಲೈಬ್ರರಿಗೂ ಮೂರು ಚುಕ್ಕಿ ಬೇಕೇ ಬೇಕು ಅನಿಸಿದರೆ ಈ ಮಾದರಿ ನೋಡಿ ಕಲಿಯಿರಿ.

ಉಲ್ಟಾ ದಿಕ್ಕು: ಸಿ ಲೈಬ್ರರಿ ಲಾಗ್ ಬರೆಯಲು ನಮ್ಮ ಪೈಥಾನ್ ಫಂಕ್ಷನ್ ಕರೆಯುತ್ತದೆ, ವಿಎ_ಲಿಸ್ಟ್ (ಚುಕ್ಕಿಯ ಆರ್ಗ್ಯುಮೆಂಟ್‌ಗಳನ್ನು ಓದಲು ಸಿ ಬಳಸುವ ಗುರುತು) ಕೊಡುತ್ತದೆ. ಅದನ್ನು ಪೈಥಾನ್‌ನಲ್ಲಿ ಓದುವುದು ಹೇಗೆ?

ಓದಲು ಹೋಗಬೇಡಿ. ಎಫ್‌ಎಫ್‌ಎಂಪೆಗ್, ಲಿಬ್‌ವಿಎಲ್‌ಸಿ ಥರದ ವಿಡಿಯೋ ಲೈಬ್ರರಿಗಳ ಲಾಗ್ ಕಾಲ್‌ಬ್ಯಾಕ್ (ಲೈಬ್ರರಿ ತಾನೇ ಕರೆಯುವ ನಮ್ಮ ಫಂಕ್ಷನ್) ಹೀಗೇ ಇರುತ್ತವೆ, ಹಾಗಾಗಿ ಈ ಪ್ರಶ್ನೆ ಜಾಸ್ತಿ ಬರುತ್ತದೆ. ವಿಎ_ಲಿಸ್ಟ್ ಒಳಗೆ ಏನಿದೆ ಅನ್ನುವುದು ಪ್ರತಿ ಪ್ಲಾಟ್‌ಫಾರ್ಮ್‌ಗೂ ಬೇರೆ. ಇಂಟೆಲ್ ಲಿನಕ್ಸ್‌ನಲ್ಲಿ ಅದು 24 ಬೈಟಿನ ಸ್ಟ್ರಕ್ಟ್, ಎರಡು ಆಫ್‌ಸೆಟ್, ಎರಡು ಪಾಯಿಂಟರ್. ವಿಂಡೋಸ್‌ನಲ್ಲಿ ಬರೀ ಒಂದು ಪಾಯಿಂಟರ್.

ಸಿಯಲ್ಲೇ ಒಂದು ಸಣ್ಣ ಕಾಲ್‌ಬ್ಯಾಕ್ ಬರೆಯಿರಿ. ಅದರೊಳಗೆ ವಿಎಸ್‌ಎನ್‌ಪ್ರಿಂಟ್‌ಎಫ್ ಕರೆದು ಪೂರ್ತಿ ಸ್ಟ್ರಿಂಗ್ ತಯಾರಿಸಿ, ಆ ಸ್ಟ್ರಿಂಗ್ ಮಾತ್ರ ಪೈಥಾನ್‌ಗೆ ದಾಟಿಸಿ. ಎಷ್ಟು ಜಾಗ ಬೇಕು ಅಂತ ತಿಳಿಯಲು ಮೊದಲು ನಲ್ ಮತ್ತು ಸೊನ್ನೆ ಕೊಟ್ಟು ಕರೆದರೆ ಉದ್ದ ಹೇಳುತ್ತದೆ, ಅದಕ್ಕೆ ಒಂದು ಸೇರಿಸಿ ಮೆಮೊರಿ ತೆಗೆದುಕೊಂಡು ಎರಡನೇ ಸಲ ಕರೆಯಬೇಕು. ಒಮ್ಮೆ ಓದಿದ ವಿಎ_ಲಿಸ್ಟ್ ಮತ್ತೆ ಬಳಸಲು ಬರುವುದಿಲ್ಲ, ಆದ್ದರಿಂದ ಮೊದಲ ಕರೆಗೆ ವಿಎ_ಕಾಪಿ ಮಾಡಿದ್ದನ್ನು ಕೊಡಿ. ಪೈಥಾನ್ ಕಡೆ ಆ ಕಾಲ್‌ಬ್ಯಾಕ್ ವಸ್ತುವನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟುಕೊಳ್ಳಿ. ಇಲ್ಲದಿದ್ದರೆ ಗಾರ್ಬೇಜ್ ಕಲೆಕ್ಟರ್ ಅದನ್ನು ಎತ್ತಿಕೊಂಡು ಹೋಗಿ, ಸಿ ಕರೆಯುವ ಹೊತ್ತಿಗೆ ಅಲ್ಲಿ ಏನೂ ಇರುವುದಿಲ್ಲ.

ಸಿಯಿಂದ ಪೈಥಾನ್ ಫಂಕ್ಷನ್‌ಗೆ ಬೇಕಾದಷ್ಟು ಆರ್ಗ್ಯುಮೆಂಟ್ ಕೊಡಬಹುದಾ?

ಧಾರಾಳವಾಗಿ. ಪೈಥಾನ್‌ನ ಸಿ ಎಪಿಐ ಬಳಸುವುದಾದರೆ ಟಪಲ್ ಕಟ್ಟಿ ಪೈಆಬ್ಜೆಕ್ಟ್_ಕಾಲ್ ಕರೆಯಿರಿ. ಹೆಸರಿಟ್ಟ ಆರ್ಗ್ಯುಮೆಂಟ್‌ಗಳಿಗೆ ಡಿಕ್ಷನರಿ ಕೂಡ ಅಲ್ಲೇ ಕೊಡಬಹುದು. ಈ ದಿಕ್ಕು ಸುಲಭ, ಯಾಕೆಂದರೆ ಟಪಲ್ ತನ್ನ ಲೆಕ್ಕ ತಾನೇ ಹೊತ್ತುಕೊಂಡು ಬರುತ್ತದೆ.

ಬೇರೆ ಭಾಷೆಗಳಲ್ಲಿ ಹೇಗೆ?

ಗೋ ಭಾಷೆಯಿಂದ ಸಿ ಕರೆಯಲು ಇರುವ ಸಿಗೋದಲ್ಲಿ ಮೂರು ಚುಕ್ಕಿಯ ಸಿ ಫಂಕ್ಷನ್ ಕರೆಯಲು ಅವಕಾಶವೇ ಇಲ್ಲ. ಸಿಯಲ್ಲಿ ಸಣ್ಣ ಫಂಕ್ಷನ್ ಬರೆದುಕೊಳ್ಳಿ ಅನ್ನುತ್ತಾರೆ. ಸ್ವಿಫ್ಟ್ ಕೂಡ ಅವನ್ನು ತರಿಸಿಕೊಳ್ಳುವುದಿಲ್ಲ, ವಿಎ_ಲಿಸ್ಟ್ ತೆಗೆದುಕೊಳ್ಳುವ ಜೊತೆ ಫಂಕ್ಷನ್ ಇದ್ದರೆ ಅದನ್ನು ಕರೆಯಬಹುದು. ಜಾವಾದಲ್ಲಿ ಸಿ ಕರೆಯುವ ಹೊಸ ದಾರಿ 22ನೇ ಆವೃತ್ತಿಯಲ್ಲಿ, 2024ರಲ್ಲಿ, ಪಕ್ಕಾ ಆಯಿತು. ಅಲ್ಲಿ ಮೊದಲ ಚುಕ್ಕಿ ಆರ್ಗ್ಯುಮೆಂಟ್ ಎಷ್ಟನೆಯದು ಅಂತ ಸ್ಪಷ್ಟವಾಗಿ ಹೇಳಬೇಕು. ಜಾವಾ ಮತ್ತು ಸಿ ಜೋಡಿಸುವ ಹಳೆಯ ಜೆಎನ್‌ಐನಲ್ಲಿ ಸಿಯಿಂದ ಜಾವಾ ಮೆಥಡ್ ಕರೆಯಲು ಮೂರು ರೂಪ ಇಟ್ಟಿದ್ದಾರೆ: ಚುಕ್ಕಿಯದು, ವಿಎ_ಲಿಸ್ಟ್‌ನದು, ಅರೇಯದು. ಬೇರೆ ಭಾಷೆಯಿಂದ ಬರುವವರು ಅರೇಯದನ್ನೇ ಬಳಸಿ.

ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಲುವಾ. ಅಲ್ಲಿ ಸಿ ಫಂಕ್ಷನ್‌ಗೆ ಬರುವುದು ಒಂದೇ ಆರ್ಗ್ಯುಮೆಂಟ್, ಲುವಾದ ಸ್ಟೇಟ್. ಅದರ ಸ್ಟ್ಯಾಕ್‌ನಲ್ಲಿ ಎಷ್ಟಿದೆ ಅಂತ ಲುವಾ_ಗೆಟ್‌ಟಾಪ್ ಕೇಳಿದರೆ ಹೇಳುತ್ತದೆ, ಪ್ರತಿಯೊಂದರ ಟೈಪನ್ನೂ ಕೇಳಬಹುದು, ಕೊನೆಗೆ ಎಷ್ಟು ಉತ್ತರ ಇಟ್ಟೆ ಅನ್ನುವ ಸಂಖ್ಯೆ ವಾಪಸ್ ಕೊಟ್ಟರೆ ಮುಗಿಯಿತು. ಚುಕ್ಕಿಯ ಗೊಡವೆಯೇ ಇಲ್ಲ.

ಎಲ್ಲ ಮಾಡಿದ ಮೇಲೆ ಟೆಸ್ಟ್ ಹೇಗೆ ಮಾಡಲಿ?

ಸಿ ಕಡೆ ನಿಮ್ಮ ಪ್ರಿಂಟ್‌ಎಫ್ ಥರದ ಫಂಕ್ಷನ್‌ಗಳಿಗೆ ಫಾರ್ಮ್ಯಾಟ್ ಆಟ್ರಿಬ್ಯೂಟ್ ಹಾಕಿ, ನಲ್‌ನಿಂದ ಮುಗಿಯುವವಕ್ಕೆ ಸೆಂಟಿನೆಲ್ ಆಟ್ರಿಬ್ಯೂಟ್ ಹಾಕಿ. ಜಿಸಿಸಿ, ಕ್ಲಾಂಗ್ ಎರಡೂ ಆಮೇಲೆ ತಾವೇ ಎಚ್ಚರಿಸುತ್ತವೆ. ಪೈಥಾನ್ ಕಡೆಯಿಂದ ಸಾಲು ಸೊನ್ನೆ ಇರುವ ಚೀಟಿ, ಒಂದು ಸಾಲಿನದು, ಹನ್ನೆರಡು ಸಾಲಿನದು ಮೂರನ್ನೂ ಕಳಿಸಿ ನೋಡಿ. ಹನ್ನೆರಡು ಯಾಕೆಂದರೆ, ರಿಜಿಸ್ಟರ್‌ಗಳು ತುಂಬಿ ಆರ್ಗ್ಯುಮೆಂಟ್ ಸ್ಟ್ಯಾಕ್‌ಗೆ ಇಳಿಯುವ ಜಾಗದಲ್ಲೇ ಹೆಚ್ಚಿನ ತಪ್ಪು ಹೊರಬರುವುದು, ಒಂದೆರಡು ಸಾಲಿಗೆ ಅದು ಕಾಣುವುದೇ ಇಲ್ಲ. 2 ಕೋಟಿ 14 ಲಕ್ಷ ದಾಟಿದ ಒಂದು ಮೊತ್ತ, ಪರ್ಸೆಂಟ್ ಚಿಹ್ನೆ ಇರುವ ಒಂದು ಷರಾ, ಒತ್ತಕ್ಷರ ಇರುವ ಒಂದು ಹೆಸರು, ಮೂರೂ ಆ ಟೆಸ್ಟ್‌ನಲ್ಲಿ ಇರಲಿ. ಅಂಗಡಿಯಲ್ಲಿ ಇರುವುದು ಯಾವ ಪ್ರೊಸೆಸರ್, 32 ಬಿಟ್ಟಾ 64 ಬಿಟ್ಟಾ ಅಂತ ಮೊದಲೇ ಕೇಳಿಕೊಂಡು, ಅದೇ ಥರದ ಮೆಷಿನ್ ಮೇಲೆ ಒಂದು ಸಲ ಓಡಿಸಿ ಆಮೇಲೆ ಕೊಡಿ.